ಪೆಟ್ರೋಲಿನ ಆವಿಯಲ್ಲಿ ಬೆಂಜೀನ್: ಅಪಾಯವನ್ನು ಅಳೆಯುವುದು ಹೇಗೆ?

ಬೆಂಗಳೂರಿನ ಪೂರ್ವಕ್ಕಿರುವ ಸಿ.ವಿ. ರಾಮನ್ ನಗರ ಯಾರ ಹೆಸರನ್ನು ಹೊತ್ತಿದೆಯೆಂಬುದು ನಮಗೆಲ್ಲ ತಿಳಿದುದೇ. 1928ರಲ್ಲಿ ಕಲ್ಕತ್ತೆಯಲ್ಲಿ ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಅವರು ಬೆಳಕಿನ ಚದರಿಕೆಯನ್ನು ಪರೀಕ್ಷಿಸಿದ ದ್ರವಗಳಲ್ಲಿ ಬೆಂಜೀನೂ ಒಂದು. ಅದೇ ಬೆಂಜೀನ್ ಇಂದು ಈ ಬಡಾವಣೆಯ ಸಮೀಪದ ಹಳೇ ಮದರಾಸು ರಸ್ತೆಯ ವಾಹನಗಳ ಹೊಗೆಯಲ್ಲಿಯೂ, ಪೆಟ್ರೋಲ್ ಬಂಕುಗಳ ಆವಿಯಲ್ಲಿಯೂ ಇದೆ. ಇದು ಕ್ಯಾನ್ಸರನ್ನುಂಟುಮಾಡುವ ವಸ್ತುವೆಂಬುದು ನಿಶ್ಚಿತ. ಹಾಗಾದರೆ ಬಂಕಿನಲ್ಲಿ ಐದು ನಿಮಿಷ ನಿಲ್ಲುವ ವಿದ್ಯಾರ್ಥಿಯೂ, ದಿನವೆಲ್ಲ ಅಲ್ಲಿಯೇ ದುಡಿಯುವ ಕೆಲಸಗಾರನೂ ಸಮಾನವಾಗಿ ಭಯಪಡಬೇಕೆ?

ಬುಟ್ಟಿಯೊಳಗಿರುವ ನಾಗರಹಾವಿಗೂ ವಿಷವುಂಟು, ಕಾಲ ಬಳಿ ಹೆಡೆಯೆತ್ತಿದ ಹಾವಿಗೂ ವಿಷವುಂಟು. ಆದರೆ ನಮಗೊದಗುವ ಅಪಾಯ ಒಂದೇ ಅಲ್ಲ. ಕೇಡು ಮಾಡುವ ಶಕ್ತಿ ಬೇರೆ, ಕೇಡು ಒದಗುವ ಸಂಭವ ಬೇರೆ. ವಸ್ತುವಿನ ಶಕ್ತಿಯೆಷ್ಟು, ನಮ್ಮ ದೇಹವನ್ನು ಸೇರುವ ಪ್ರಮಾಣವೆಷ್ಟು ಎಂಬ ಎರಡನ್ನೂ ಅರಿತಾಗಲೇ ಸಂಭವವನ್ನು ಲೆಕ್ಕಹಾಕಲು ಸಾಧ್ಯ.

ಉಸಿರಿನೊಡನೆ ಒಳಹೊಕ್ಕ ಬೆಂಜೀನ್ ಯಕೃತ್ತಿನಲ್ಲಿ ಫೀನಾಲ್ ಮೊದಲಾದ ವಸ್ತುಗಳಾಗಿ ಮಾರ್ಪಡುತ್ತದೆ. ಇವು ಮೂಳೆಯೊಳಗಿನ ಮಜ್ಜೆಯನ್ನು ಸೇರಿ, ಅಲ್ಲಿ ಇನ್ನೂ ತೀಕ್ಷ್ಣವಾದ ಕ್ವಿನೋನುಗಳಾಗಿ, ರಕ್ತಕಣಗಳನ್ನು ಹುಟ್ಟಿಸುವ ಮೂಲಕೋಶಗಳ ಡಿ.ಎನ್.ಎ.ಯನ್ನು ಕೆಡಿಸುತ್ತವೆ. ಇದರ ಫಲವಾಗಿ ರಕ್ತದ ಕ್ಯಾನ್ಸರಾದ ಲ್ಯುಕೀಮಿಯ ಉಂಟಾಗಬಹುದು. ಅಮೆರಿಕದ ಓಹಾಯೋ ಸಂಸ್ಥಾನದಲ್ಲಿ ಬೆಂಜೀನನ್ನು ಬಳಸಿ ರಬ್ಬರಿನ ತೆಳುಹಾಳೆಯನ್ನು ತಯಾರಿಸುತ್ತಿದ್ದ ಕಾರ್ಖಾನೆಗಳ ಕೆಲಸಗಾರರಲ್ಲಿ ಈ ರೋಗದ ಸಾವು ಸಾಮಾನ್ಯ ಜನರಲ್ಲಿ ಇರುವುದಕ್ಕಿಂತ ಹೆಚ್ಚೆಂಬುದು 1977ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದುಬಂದಿತು.

ಆದರೆ ಆ ಕೆಲಸಗಾರರು ಉಸಿರಾಡಿದ ಪ್ರಮಾಣ ಬಹಳ ಹೆಚ್ಚು. ನಮ್ಮ ಬೀದಿಯ ಅಲ್ಪ ಪ್ರಮಾಣಕ್ಕೆ ಲೆಕ್ಕ ಹೇಗೆ? ಪ್ರಮಾಣ ಅರ್ಧವಾದರೆ ಅಪಾಯವೂ ಅರ್ಧವಾಗುವುದೆಂದು ಭಾವಿಸಿ, ವಿಜ್ಞಾನಿಗಳು ಅಲ್ಲಿಂದ ಸೊನ್ನೆಯವರೆಗೆ ಸರಳರೇಖೆಯನ್ನು ಎಳೆಯುತ್ತಾರೆ. ಹೀಗೆ ವಿಶ್ವ ಆರೋಗ್ಯ ಸಂಸ್ಥೆಯು ನೀಡಿರುವ ಅಂದಾಜು ಇದು: ಒಂದು ಘನ ಮೀಟರ್ ಗಾಳಿಯಲ್ಲಿ 1 ಮೈಕ್ರೋಗ್ರಾಂ, ಅಂದರೆ ಗ್ರಾಮಿನ ಹತ್ತು ಲಕ್ಷದ ಒಂದು ಪಾಲು, ಬೆಂಜೀನ್ ಇದ್ದು, ಜನರು ಅದನ್ನು ಬಾಳಿನುದ್ದಕ್ಕೂ ಉಸಿರಾಡಿದರೆ 10 ಲಕ್ಷ ಮಂದಿಯಲ್ಲಿ ಹೆಚ್ಚಾಗಿ 6 ಮಂದಿಗೆ ಲ್ಯುಕೀಮಿಯ ತಗಲಬಹುದು.

ಇನ್ನು ಲೆಕ್ಕ ಸುಲಭ. 2009ರಲ್ಲಿ ಭಾರತವು ಗೊತ್ತುಪಡಿಸಿದ ವಾರ್ಷಿಕ ಸರಾಸರಿಯ ಮಿತಿ 5 ಮೈಕ್ರೋಗ್ರಾಂ. ಐದಾರಲೆ ಮೂವತ್ತು, 10 ಲಕ್ಷಕ್ಕೆ 30 ಮಂದಿ. ಒಬ್ಬೊಬ್ಬನ ಮಟ್ಟಿಗೆ ಇದು ಅತ್ಯಲ್ಪ. ಆದರೆ ಒಂದು ಕೋಟಿ ಜನರ ನಗರದಲ್ಲಿ, ಎಪ್ಪತ್ತು ವರ್ಷಗಳ ಅವಧಿಯಲ್ಲಿ, ಇದೇ 300 ಮಂದಿಯಾಗುತ್ತದೆ. ಇದು ಕಂಡು ಎಣಿಸಿದ ರೋಗಿಗಳ ಸಂಖ್ಯೆಯಲ್ಲ, ಅಂದಾಜು ಮಾತ್ರ ಎಂಬುದನ್ನು ಮರೆಯಬಾರದು.

ಈಗ ಬಂಕಿನ ಕೆಲಸಗಾರನ ಮಾತು. ಅವನ ಸುತ್ತಲಿನ ಗಾಳಿಯಲ್ಲಿ 120 ಮೈಕ್ರೋಗ್ರಾಂ ಇದೆಯೆಂದು ಉದಾಹರಣೆಗಾಗಿ ಇಟ್ಟುಕೊಳ್ಳೋಣ. ದಿನಕ್ಕೆ 8 ಗಂಟೆಯ ದುಡಿಮೆಯಾದರೆ ಇಡೀ ದಿನದ ಸರಾಸರಿ 40. ಎಪ್ಪತ್ತು ವರ್ಷಗಳ ಬಾಳಿನಲ್ಲಿ 35 ವರ್ಷ ದುಡಿದರೆ ಬಾಳಿನ ಸರಾಸರಿ 20. ಇದನ್ನು ಆರರಿಂದ ಗುಣಿಸಿದರೆ 10 ಲಕ್ಷಕ್ಕೆ 120. ರಜೆಯ ದಿನಗಳನ್ನೂ ಉಳಿದ ಹೊತ್ತಿನ ಗಾಳಿಯನ್ನೂ ಲೆಕ್ಕದಿಂದ ಬಿಟ್ಟರೂ, ಇವನ ಪಾಲಿನ ಅಪಾಯ ನಗರದ ಮಿತಿಯ ಅಪಾಯಕ್ಕೆ ನಾಲ್ಕು ಪಟ್ಟು. ಐದು ನಿಮಿಷ ನಿಂತು ಹೋಗುವವನ ಲೆಕ್ಕವನ್ನು ವಾಚಕರೇ ಮಾಡಿ ನೋಡಬಹುದು.

ಮೂಗನ್ನು ನಂಬಿ ಅಪಾಯವನ್ನು ಅಳೆಯಲಾಗದು. ಪೆಟ್ರೋಲಿನ ವಾಸನೆ ಅನೇಕ ಹೈಡ್ರೋಕಾರ್ಬನ್‌ಗಳದು. ಅಳೆಯಬೇಕಾದುದು ಉಪಕರಣ, ತಗ್ಗಿಸಬೇಕಾದುದು ಪ್ರಮಾಣ. ಬಿ.ಎಸ್. 6 ಪೆಟ್ರೋಲಿನಲ್ಲಿ ಬೆಂಜೀನ್ ಶೇಕಡ 1ನ್ನು ಮೀರಬಾರದೆಂಬ ನಿಯಮವೂ, ಟ್ಯಾಂಕಿನಿಂದ ಹೊರಬೀಳುವ ಆವಿಯನ್ನು ಮರಳಿ ಹೀರುವ ಸಾಧನವೂ ಇದಕ್ಕಾಗಿಯೇ. ದಾರಿಹೋಕರಾದ ನಾವು ಅಂಜಬೇಕಾದುದಿಲ್ಲ. ಆದರೆ ನಮ್ಮ ವಾಹನಕ್ಕೆ ಪೆಟ್ರೋಲ್ ತುಂಬುವವನ ಉಸಿರಿನ ಲೆಕ್ಕವನ್ನು ನಮ್ಮ ಲೆಕ್ಕದಿಂದ ಅಳೆಯುವುದು ನ್ಯಾಯವಲ್ಲ.