ಬೋರ್ಡೋ ದ್ರಾವಣದ ಹುಟ್ಟು

ಮಳೆಗಾಲಕ್ಕೆ ಮುನ್ನ ನಾವೆಲ್ಲ ಅಡಿಕೆಗೊನೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಆ ಹೆಸರು ಬಂದದ್ದು ಫ್ರಾನ್ಸಿನ ಬೋರ್ಡೋ ನಗರದಿಂದ. ಆ ದೇಶದ ದ್ರಾಕ್ಷಿ ಬೆಳೆಗಾರರು ಬೇರು ತಿನ್ನುವ ಕೀಟದ ಕಾಟ ತಾಳಲಾರದೆ ಅಮೆರಿಕದ ಬಳ್ಳಿಗಳನ್ನು ತರಿಸಿಕೊಂಡರು. ಅವುಗಳೊಡನೆ ಬೂಜುರೋಗವೂ ಬಂದು 1878ರಲ್ಲಿ ಅಲ್ಲಿ ಕಾಣಿಸಿಕೊಂಡಿತು.

1882ರಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಮಿಲಾರ್ಡೆಯವರು ಬೋರ್ಡೋ ಸಮೀಪದ ಮೆಡೋಕಿನಲ್ಲಿ ಒಂದು ವಿಚಿತ್ರ ಕಂಡರು. ತೋಟವೆಲ್ಲ ಎಲೆ ಉದುರಿ ಬೋಳಾಗಿದ್ದರೂ ರಸ್ತೆ ಬದಿಯ ಸಾಲುಗಳು ಮಾತ್ರ ಹಸಿರಾಗಿದ್ದವು. ವಿಚಾರಿಸಲಾಗಿ, ದಾರಿಹೋಕರು ಹಣ್ಣು ಕದಿಯದಿರಲೆಂದು ಆ ಸಾಲುಗಳಿಗೆ ಮೈಲುತುತ್ತ ಮತ್ತು ಸುಣ್ಣ ಎರಚಿದ್ದರಂತೆ! ಪ್ರಯೋಗಗಳನ್ನು ನಡೆಸಿ 1885ರಲ್ಲಿ ಅವರು ಈ ಮದ್ದನ್ನು ಪ್ರಕಟಿಸಿದರು.

1910ರ ಸುಮಾರಿಗೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಡಾ. ಲೆಸ್ಲಿ ಕೋಲ್ಮನ್ ಇದನ್ನೇ ನಮ್ಮ ಕೊಳೆರೋಗಕ್ಕೆ ಬಳಕೆಗೆ ತಂದರು.

ರೋಗದ ಬೀಜಾಣುವನ್ನು ತಡೆಯುವುದು ಮೈಲುತುತ್ತದ ತಾಮ್ರ. ಸುಣ್ಣ ಅದರ ಉರಿ ತಗ್ಗಿಸಿ ಗೊನೆ ಸುಡದಂತೆ ಕಾಯುತ್ತದೆ. ಕಾಯಿಯ ಒಳಹೊಕ್ಕ ಕೊಳೆಯನ್ನು ಇದು ವಾಸಿಮಾಡದು. ಆದ್ದರಿಂದ ಕೊಳೆ ಕಂಡ ಮೇಲಲ್ಲ, ಮಳೆ ಹಿಡಿಯುವ ಮೊದಲೇ ಮೊದಲ ಸಿಂಪರಣೆ ಮುಗಿದಿರಬೇಕು. ಕಾಫಿಯ ಎಲೆ ತುಕ್ಕಿಗೂ ಇದೇ ಮಾತು.