ಕಂಪ್ಯೂಟರ್ ಅನ್ನೋದು ಒಂದು ಹುದ್ದೆಯಾಗಿತ್ತು

ತ್ರೀ ಫೇಸ್ ಮೋಟರ್ ಕಂಟ್ರೋಲ್ ಓದುವಾಗ ನಮಗೆ 'ಕ್ಲಾರ್ಕ್ ಟ್ರಾನ್ಸ್‌ಫಾರ್ಮೇಷನ್' ಸಿಗುತ್ತೆ. ಮೂರು ಫೇಸ್‌ಗಳ ಲೆಕ್ಕವನ್ನು ಆಲ್ಫಾ, ಬೀಟಾ ಎಂಬ ಅಕ್ಷಗಳಿಗೆ ಇಳಿಸಿ ಸುಲಭ ಮಾಡುವ ವಿಧಾನ ಅದು. ಫಾರ್ಮುಲಾ ಬಾಯಿಪಾಠ ಮಾಡ್ತೀವಿ, ಆದರೆ ಕ್ಲಾರ್ಕ್ ಯಾರು ಅಂತ ಯಾವ ಪರೀಕ್ಷೆಯಲ್ಲೂ ಕೇಳಲ್ಲ.

ಅವರು ಈಡಿತ್ ಕ್ಲಾರ್ಕ್. 1883ರಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಹುಟ್ಟಿದವರು. ಚಿಕ್ಕ ವಯಸ್ಸಿನಲ್ಲೇ ಅಪ್ಪ ಅಮ್ಮ ತೀರಿಕೊಂಡರು. ತಮ್ಮ ಪಾಲಿಗೆ ಬಂದ ಆಸ್ತಿಯ ದುಡ್ಡನ್ನು ಅವರು ಓದಿಗೆ ಹಾಕಿದರು. ಗಣಿತ ಮತ್ತು ಖಗೋಳಶಾಸ್ತ್ರದಲ್ಲಿ ಪದವಿ, ಸ್ವಲ್ಪ ಕಾಲ ಟೀಚರ್ ಕೆಲಸ, ಆಮೇಲೆ ಒಂದು ಟೆಲಿಫೋನ್ ಕಂಪನಿಯಲ್ಲಿ 'ಕಂಪ್ಯೂಟರ್'. ಆಗ ಕಂಪ್ಯೂಟರ್ ಅಂದರೆ ಮೆಷಿನ್ ಅಲ್ಲ, ಮನುಷ್ಯರು. ಇಂಜಿನಿಯರ್‌ಗಳಿಗೆ ಬೇಕಾದ ಉದ್ದುದ್ದ ಲೆಕ್ಕಗಳನ್ನು ಕೈಯಲ್ಲಿ ಮಾಡಿಕೊಡುವ ಹುದ್ದೆ ಅದು, ಅದರಲ್ಲಿ ಹೆಂಗಸರೇ ಬಹಳ.

1919ರಲ್ಲಿ ಎಂಐಟಿಯಿಂದ ಎಲೆಕ್ಟ್ರಿಕಲ್ ಇಂಜಿನಿಯರಿಂಗ್‌ನಲ್ಲಿ ಮಾಸ್ಟರ್ಸ್ ಪಡೆದ ಮೊದಲ ಮಹಿಳೆ ಇವರೇ. ಇಷ್ಟಾದರೂ ಇಂಜಿನಿಯರ್ ಕೆಲಸ ಸಿಗಲಿಲ್ಲ! ಜನರಲ್ ಎಲೆಕ್ಟ್ರಿಕ್ ಕಂಪನಿ ಕೊಟ್ಟಿದ್ದು ಮತ್ತೆ ಲೆಕ್ಕದ ವಿಭಾಗವನ್ನೇ, ಈ ಸಲ ಮೇಲ್ವಿಚಾರಕಿಯಾಗಿ. ಟರ್ಬೈನ್‌ಗಳ ಮೇಲಿನ ಒತ್ತಡದ ಲೆಕ್ಕ ಹಾಕಿಸುವುದು. ನಮ್ಮ ಪ್ರಕಾರ ಅದು ಪಕ್ಕಾ ಇಂಜಿನಿಯರಿಂಗ್ ಕೆಲಸವೇ, ಬೋರ್ಡ್ ಮಾತ್ರ ಬೇರೆ.

ಉದ್ದದ ಟ್ರಾನ್ಸ್‌ಮಿಷನ್ ಲೈನ್‌ನಲ್ಲಿ ವೋಲ್ಟೇಜ್, ಕರೆಂಟ್ ಎಷ್ಟಿರುತ್ತೆ ಅಂತ ನೋಡಲು ಹೈಪರ್ಬೋಲಿಕ್ ಫಂಕ್ಷನ್‌ಗಳ ಸಮೀಕರಣ ಬಿಡಿಸಬೇಕು. ಇವತ್ತು ಮ್ಯಾಟ್‌ಲ್ಯಾಬ್ ಇದೆ, ಎಂಟರ್ ಒತ್ತಿದರೆ ಮುಗೀತು. ಆಗ ಪ್ರತಿಯೊಂದು ಸಲವೂ ಪುಟಗಟ್ಟಲೆ ಲೆಕ್ಕ. ಕ್ಲಾರ್ಕ್ ಇದಕ್ಕೆ ಗ್ರಾಫ್ ಆಧಾರದ ಒಂದು ಕ್ಯಾಲ್ಕುಲೇಟರ್ ಮಾಡಿದರು. 1921ರಲ್ಲಿ ಪೇಟೆಂಟ್‌ಗೆ ಅರ್ಜಿ, 1925ರಲ್ಲಿ ಪೇಟೆಂಟ್.

ಅರ್ಜಿ ಹಾಕಿದ ವರ್ಷವೇ ಅವರು ಕೆಲಸ ಬಿಟ್ಟು ಟರ್ಕಿಗೆ ಹೋಗಿ ಒಂದು ಮಹಿಳಾ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡಿದರು. 1922ರಲ್ಲಿ ವಾಪಸ್ ಬಂದಾಗ ಅದೇ ಜನರಲ್ ಎಲೆಕ್ಟ್ರಿಕ್ ಅವರನ್ನು ಎಲೆಕ್ಟ್ರಿಕಲ್ ಇಂಜಿನಿಯರ್ ಅಂತಲೇ ನೇಮಿಸಿಕೊಂಡಿತು. ಡಿಗ್ರಿ ಅದೇ, ತಲೆ ಅದೇ, ಕಂಪನಿ ಅದೇ. ಹುದ್ದೆಯ ಹೆಸರು ಬದಲಾಗಲು ಮೂರು ವರ್ಷ ಬೇಕಾಯ್ತು.

ಮುಂದಿನದು ಬೇಗ ಹೇಳಿಬಿಡ್ತೀವಿ. 1926ರಲ್ಲಿ ಅಮೆರಿಕದ ಎಲೆಕ್ಟ್ರಿಕಲ್ ಇಂಜಿನಿಯರ್‌ಗಳ ಸಂಸ್ಥೆಯಲ್ಲಿ (ಇವತ್ತಿನ ಐಇಇಇಗೆ ಮೂಲವಾದ ಸಂಸ್ಥೆಗಳಲ್ಲಿ ಅದೂ ಒಂದು) ಪೇಪರ್ ಮಂಡಿಸಿದ ಮೊದಲ ಮಹಿಳೆಯಾದರು. 1943ರಲ್ಲಿ ಪವರ್ ಸಿಸ್ಟಮ್ಸ್ ಬಗ್ಗೆ ಪುಸ್ತಕ. 1945ರಲ್ಲಿ ನಿವೃತ್ತಿ. ಸುಮ್ಮನೆ ಕೂರದೆ 1947ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಪಾಠ ಶುರುಮಾಡಿದರು. ಅದೇ ಇಂಜಿನಿಯರ್‌ಗಳ ಸಂಸ್ಥೆ ಅವರನ್ನು ತನ್ನ ಮೊದಲ ಮಹಿಳಾ ಫೆಲೋ ಎಂದು ಆರಿಸಿದ್ದು 1948ರಲ್ಲಿ, ಅಂದರೆ ಅವರು ನಿವೃತ್ತರಾಗಿ ಮೂರು ವರ್ಷ ಆದ ಮೇಲೆ.