ತಂತಿಯ ಜೊತೆ ಔಟರೂ ಬದಲಾಗಲಿ

ಸೈಕಲ್ಲಿನ ಬ್ರೇಕ್ ಬಿಗಿಯಾದರೆ ನಾವು ಬೈಯುವುದು ಒಳಗಿನ ತಂತಿಯನ್ನು. ಅದರ ಮೇಲಿನ ಕವಚವನ್ನು, ಅಂದರೆ ಮೆಕ್ಯಾನಿಕ್‌ಗಳು ಔಟರ್ ಎನ್ನುವುದನ್ನು, ಯಾರೂ ನೋಡುವುದಿಲ್ಲ. ಅರ್ಧ ಕೆಲಸ ಮಾಡುವುದು ಅದೇ.

ತಂತಿಗೆ ಎಳೆಯುವುದಷ್ಟೇ ಗೊತ್ತು. ಬಾಗಿದ ದಾರಿಯಲ್ಲಿ ಬರೀ ತಂತಿಯನ್ನು ಎಳೆದರೆ ಅದು ನೆಟ್ಟಗಾಗಲು ಹೊರಡುತ್ತದೆ, ಬ್ರೇಕ್ ಅಲ್ಲಾಡುವುದಿಲ್ಲ. ಔಟರ್ ಎರಡೂ ತುದಿಗೆ ಒತ್ತಿ ನಿಲ್ಲುವುದರಿಂದಲೇ ಬೆರಳಿನ ಬಲ ಚಕ್ರ ಮುಟ್ಟುತ್ತದೆ. ಅರ್ನೆಸ್ಟ್ ಮಾನಿಂಗ್ಟನ್ ಬೌಡನ್ 1896ರಲ್ಲಿ ಬ್ರಿಟನ್ನಿನಲ್ಲಿ ಪೇಟೆಂಟ್ ಮಾಡಿಸಿದ ಏರ್ಪಾಡು ಇದು. ನಮ್ಮೂರ ಹಳೆಯ ಕಪ್ಪು ಸೈಕಲ್‌ಗಳಲ್ಲಿ ಇದೇ ಕೆಲಸಕ್ಕೆ ಉದ್ದುದ್ದ ಸರಳುಗಳಿವೆ.

ಬ್ರೇಕಿನ ಔಟರ್ ಎಂದರೆ ಚಪ್ಪಟೆ ಉಕ್ಕಿನ ತಂತಿಯ ಬಿಗಿ ಸುರುಳಿ. ಒತ್ತಡ ತಾಳುವುದರಲ್ಲಿ ಗಟ್ಟಿ, ಆದರೆ ಬಾಗಿದಾಗ ಅದರ ಉದ್ದ ತುಸು ಬದಲಾಗುತ್ತದೆ. ಬ್ರೇಕಿಗೆ ಅದು ಲೆಕ್ಕಕ್ಕಿಲ್ಲ. ಗೇರಿಗೆ ಅಷ್ಟೇ ಸಾಕು, ಚೈನು ಹಲ್ಲುಚಕ್ರಗಳ ನಡುವೆ ತಡವರಿಸುತ್ತದೆ. ಶಿಮಾನೊ ಕಂಪನಿ 1984ರಲ್ಲಿ ಕ್ಲಿಕ್ಕಿಗೊಂದು ಗೇರು ಬೀಳುವ ವ್ಯವಸ್ಥೆ ತಂದ ಮೇಲೆ, ಎಳೆಗಳನ್ನು ಉದ್ದಕ್ಕೆ ಜೋಡಿಸಿದ ಔಟರ್ ಗೇರಿಗೆ ರೂಢಿಯಾಯಿತು. ಇದು ಕುಗ್ಗುವುದಿಲ್ಲ. ಆದರೆ ಎಳೆಗಳನ್ನು ಹಿಡಿದಿಟ್ಟಿರುವುದು ಪ್ಲಾಸ್ಟಿಕ್ ಹೊದಿಕೆ ಮಾತ್ರ. ಇದನ್ನು ಬ್ರೇಕಿಗೆ ಹಾಕಿದರೆ, ಜೋರಾಗಿ ಹಿಡಿದ ಗಳಿಗೆಯಲ್ಲೇ ಸೀಳಿ ಬ್ರೇಕ್ ಪೂರ್ತಿ ಹೋಗಬಹುದು. ಸಾಮಾನ್ಯವಾಗಿ ಬ್ರೇಕಿನದು 5 ಮಿ.ಮೀ. ದಪ್ಪ, ಗೇರಿನದು 4. ಅಂಗಡಿಯಲ್ಲಿ ಸಿಕ್ಕಿದ್ದನ್ನು ಹಾಕಿಸಿಕೊಂಡು ಬರಬೇಡಿ.

ಹ್ಯಾಂಡಲ್ ಬಳಿಯ ತಿರುಪನ್ನು ಬಿಚ್ಚುತ್ತ ಹೋದರೆ ಬ್ರೇಕ್ ಬಿಗಿಯಾಗುತ್ತದಲ್ಲ, ಆಗ ತಂತಿ ಇದ್ದಷ್ಟೇ ಇರುತ್ತದೆ. ಔಟರಿನ ದಾರಿ ಉದ್ದವಾಗುತ್ತದೆ, ಅಷ್ಟೆ. ಈ ಒಂದು ಸಂಗತಿ ತಿಳಿದರೆ ಅರ್ಧ ರಿಪೇರಿ ಬಂದ ಹಾಗೆ.

ತಿರುವು ಹೆಚ್ಚಿದಷ್ಟೂ ತಿಕ್ಕಾಟ ಗುಣಿಸುತ್ತ ಏರುತ್ತದೆ. ಹಾಗಾಗಿ ಔಟರ್ ಅನಗತ್ಯವಾಗಿ ಸುತ್ತಬಾರದು, ತೀರಾ ಮಡಚಿಕೊಳ್ಳಲೂಬಾರದು. ಹೊಸದನ್ನು ಹಳೆಯದರ ಅಳತೆಗೆ ಕೇಬಲ್ ಕಟರ್‌ನಲ್ಲೇ ಕತ್ತರಿಸಿ, ತುದಿಯನ್ನು ಅರದಿಂದ ಸಮಮಾಡಿ, ನಜ್ಜಿದ ಒಳಕೊಳವೆಯನ್ನು ದಬ್ಬಳದಿಂದ ಬಿಡಿಸಬೇಕು. ತುದಿಗೆ ಟೋಪಿ ಮರೆಯಬಾರದು. ಹಿಂದಿನ ಗೇರಿನ ತಂತಿ ಬಿಚ್ಚುವ ಮೊದಲು, ತಂತಿ ಪೂರ್ತಿ ಸಡಿಲವಾಗುವ ಗೇರಿಗೆ ತನ್ನಿ. ಬಹುತೇಕ ಸೈಕಲ್‌ಗಳಲ್ಲಿ ಅದು ಅತಿ ಚಿಕ್ಕ ಹಲ್ಲುಚಕ್ರ. ಬ್ರೇಕಿನ ತಂತಿ ಬಿಗಿದ ಮೇಲೆ ಲಿವರನ್ನು ಹಲವು ಸಲ ಜೋರಾಗಿ ಹಿಂಡಿ. ಔಟರ್ ತನ್ನ ಜಾಗದಲ್ಲಿ ಕೂತು ತಂತಿ ಸಡಿಲಾಗುತ್ತದೆ, ಆಗ ಮತ್ತೊಮ್ಮೆ ಬಿಗಿಯಿರಿ. ಒಳಗೆ ಪ್ಲಾಸ್ಟಿಕ್ ಕೊಳವೆ ಇದ್ದರೆ ದಪ್ಪ ಗ್ರೀಸ್ ಬೇಡ, ಧೂಳು ಹಿಡಿಯುತ್ತದೆ.

ಮಳೆಗಾಲ ಮುಗಿದ ಕೂಡಲೇ ಲಿವರಿನ ಒಳಗಡೆ, ತಂತಿಯ ತುದಿಯ ಗುಂಡಿನ ಬುಡವನ್ನು ಬೆಳಕಿಗೆ ಹಿಡಿದು ನೋಡಿ. ಅಲ್ಲಿ ಒಂದೇ ಒಂದು ಎಳೆ ಹರಿದಿದ್ದರೂ ಆ ತಂತಿಯ ಆಯುಸ್ಸು ಮುಗಿದಿದೆ. ಅವತ್ತೇ ಬದಲಿಸಿ, ಔಟರನ್ನೂ ಸೇರಿಸಿ.